ನಾಯಿಗೆ ಯಜಮಾನನಿದ್ದಾನೆ

ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪ, ಇ-ಸ್ವತ್ತಿನ ಮಾತು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರಾದರೂ ಎದ್ದು ನಿಲ್ಲುತ್ತಾರೆ: ‘ಸಾರ್, ಮೊದ್ಲು ಈ ನಾಯಿಗಳನ್ನ ಹಿಡಿಸಿ.’ ಪಿಡಿಒ ಕೊಡುವ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಕೊಲ್ಲುವಂತಿಲ್ಲ, ಬೇರೆ ಕಡೆ ಬಿಟ್ಟು ಬರುವಂತಿಲ್ಲ, ಸಂತಾನಹರಣಕ್ಕೆ ದುಡ್ಡಿಲ್ಲ, ಮೇಲಕ್ಕೆ ಬರೆದಿದ್ದೇವೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ನಗರಸಭೆಗಳಲ್ಲಿ, ದೇವನಹಳ್ಳಿ, ವಿಜಯಪುರದ ಪುರಸಭೆಗಳಲ್ಲಿ ಸದಸ್ಯರು ಕೇಳುವ ಪ್ರಶ್ನೆ, ಪಡೆಯುವ ಉತ್ತರ ಹೆಚ್ಚುಕಡಿಮೆ ಇದೇ. ಕೇಳುವವರಿಗೂ ಹೇಳುವವರಿಗೂ ಜಗಳ ಇರಬಹುದು; ಆದರೆ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯ. ಅಪಾಯದ ನಾಯಿ ಎಂದರೆ ಬೀದಿನಾಯಿ. ಕಾಂಪೌಂಡಿನ ಒಳಗಿರುವ ನಾಯಿ ಆ ಮನೆಯವರ ಸ್ವಂತ ವಿಚಾರ. ಸ್ಥಳೀಯ ಆಡಳಿತಕ್ಕೆ ಅಲ್ಲಿ ಕೆಲಸವಿಲ್ಲ.

ಈ ಅಭಿಪ್ರಾಯ ತಪ್ಪು. ಇದರ ನೆರಳಿನಲ್ಲಿ ಜನ ಕಚ್ಚಿಸಿಕೊಳ್ಳುತ್ತಿದ್ದಾರೆ, ನಾಯಿಗಳು ನರಳುತ್ತಿವೆ, ಹೊಣೆ ಹೊರಬೇಕಾದವರು ಮಾತ್ರ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ.

ಬೀದಿನಾಯಿಯ ಸಮಸ್ಯೆ ಸಣ್ಣದು ಎಂದು ನಾನು ಹೇಳುತ್ತಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದ ಬೀದಿಗಳಲ್ಲಿ 11 ಲಕ್ಷಕ್ಕೂ ಹೆಚ್ಚು ನಾಯಿಗಳಿದ್ದವು. 2024ರಲ್ಲಿ ರಾಜ್ಯದಲ್ಲಿ ವರದಿಯಾದ ನಾಯಿ ಕಡಿತಗಳು 3.6 ಲಕ್ಷಕ್ಕೂ ಮೇಲೆ, ರೇಬಿಸ್‌ನಿಂದ ಸತ್ತವರು 42 ಮಂದಿ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಈ ಸಾವುಗಳನ್ನು ಹಗುರಾಗಿ ನೋಡುವವರ ಜೊತೆ ನನಗೆ ಮಾತಿಲ್ಲ. ನನ್ನ ಪ್ರಶ್ನೆ ಬೇರೆ. ಆ ಬೀದಿನಾಯಿ ಬೀದಿಗೆ ಬಂದದ್ದು ಎಲ್ಲಿಂದ? ಸಾಕಿದ ಹೆಣ್ಣುನಾಯಿ ಮರಿ ಹಾಕುತ್ತದೆ. ಗಂಡುಮರಿಗಳನ್ನು ನೆಂಟರಿಷ್ಟರು ಕೇಳಿ ಒಯ್ಯುತ್ತಾರೆ. ಉಳಿದ ಹೆಣ್ಣುಮರಿಗಳು ಗೋಣಿಚೀಲದಲ್ಲಿ ಕೆರೆ ಏರಿಯ ಆಚೆಗೋ, ಹೆದ್ದಾರಿಯ ಪಕ್ಕದ ಡಾಬಾ ಹಿಂದಕ್ಕೋ, ಕೋಳಿ ಅಂಗಡಿಯ ಕಸ ಸುರಿಯುವ ಜಾಗಕ್ಕೋ ಹೋಗುತ್ತವೆ. ಎರಡು ವರ್ಷ ಕಳೆದರೆ ಅದೇ ಜಾಗದಲ್ಲಿ ಒಂದು ಹಿಂಡು. ಆ ಹಿಂಡನ್ನು ಹಿಡಿಸಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಲ್ಲುವವರಲ್ಲಿ ಆ ಗೋಣಿಚೀಲದ ಬಾಯಿ ಕಟ್ಟಿದವರೂ ಇರುತ್ತಾರೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಲಸಿಕೆ, ಜಂತುನಾಶಕ, ಸಂತಾನಹರಣ ಮೂರೂ ಸಾಕಿದವರದೇ ಹೊಣೆ ಎಂದು ಬರೆದಿವೆ. ಆ ಸಾಲನ್ನು ಓದಿಕೊಂಡು ಒಂದು ಮನೆಯ ಬಾಗಿಲು ತಟ್ಟಿದ ಪಂಚಾಯಿತಿಯನ್ನು ನಾನು ಕಂಡಿಲ್ಲ.

ಇನ್ನು ಕಾಂಪೌಂಡಿನ ಒಳಗಿನ ನಾಯಿಯ ಮಾತು. ಇದಕ್ಕೆ ನಮ್ಮ ಜಿಲ್ಲೆಯನ್ನೇ ಸ್ವಲ್ಪ ನೋಡಬೇಕು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಎಂದು ಬೇರೆಯಾದಾಗ ಇದು ರಾಗಿ, ರೇಷ್ಮೆ, ದ್ರಾಕ್ಷಿ, ಚಕ್ಕೋತದ ಸೀಮೆ. ಈಗ ಇದರ ಹೆಸರನ್ನೇ ಬೆಂಗಳೂರು ಉತ್ತರ ಎಂದು ಬದಲಿಸಲು ಸಚಿವ ಸಂಪುಟ 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಕೂತು ಒಪ್ಪಿದೆ. ನೆಲ ಅದಕ್ಕಿಂತ ಮೊದಲೇ ಬದಲಾಗಿತ್ತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ನಂದಿಯ ತಪ್ಪಲಿನವರೆಗೆ ಫಾರ್ಮ್‌ಹೌಸ್, ವಿಲ್ಲಾ, ಲೇಔಟ್. ಬಾಶೆಟ್ಟಿಹಳ್ಳಿ, ಪಿಳ್ಳಗುಂಪೆ, ದಾಬಸ್‌ಪೇಟೆಯಲ್ಲಿ ಕಾರ್ಖಾನೆ, ಗೋದಾಮು. ನಡುನಡುವೆ ಕೋಳಿ ಫಾರಂ. ಇವುಗಳಲ್ಲಿ ಹೆಚ್ಚಿನವಕ್ಕೆ ಒಂದು ಗೇಟು, ಆ ಗೇಟಿಗೆ ಒಂದು ನಾಯಿ. ರಾಟ್‌ವೀಲರ್, ಜರ್ಮನ್ ಶೆಫರ್ಡ್, ಡಾಬರ್‌ಮನ್, ಈಚೆಗೆ ಪಿಟ್‌ಬುಲ್. ಬಡ ಗೋದಾಮಿಗೆ ಊರ ನಾಯಿಯೇ ಸಾಕು.

ಈ ಗೇಟಿನ ನಾಯಿಯ ದಿನಚರಿ ಹೀಗೆ. ಯಜಮಾನ ಬೆಂಗಳೂರಿನಲ್ಲಿ, ಬರುವುದು ಶನಿವಾರ. ನಾಯಿ ಇರುವುದು ಕಾವಲುಗಾರನ ಕೈಯಲ್ಲಿ. ಆ ಕಾವಲುಗಾರ ಎಷ್ಟೋ ಕಡೆ ದೂರದ ರಾಜ್ಯದಿಂದ ಬಂದವನು, ನಾಯಿ ಸಾಕಿ ಅಭ್ಯಾಸವಿಲ್ಲದವನು, ಅದಕ್ಕೆ ತಾನೇ ಹೆದರುವವನು. ಹಗಲೆಲ್ಲ ನಾಲ್ಕು ಮೊಳದ ಸರಪಳಿ, ತಗಡಿನ ಗೂಡು, ಒಂದು ತಟ್ಟೆ ಅನ್ನ. ಕತ್ತಲಾದ ಮೇಲೆ ಬಿಡುವುದು. ನಡೆದಾಡಿಸುವವರಿಲ್ಲ, ಮಾತಾಡಿಸುವವರಿಲ್ಲ, ಹೊಸಬರನ್ನು ಪರಿಚಯಿಸುವವರಿಲ್ಲ. ಹೀಗೆ ಬೆಳೆದ ಯಾವ ನಾಯಿಯೂ ಮನುಷ್ಯರನ್ನು ನಂಬುವುದಿಲ್ಲ. ಅದು ಕಚ್ಚುವ ನಾಯಿಯಾದದ್ದು ಆ ನಾಲ್ಕು ಮೊಳದಲ್ಲಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದನ್ನು ಆಗಲೇ ಅರಿತಿತ್ತು. ನಾಯಿಯನ್ನು ಸದಾ ಸರಪಳಿಯಲ್ಲಿ ಕಟ್ಟಿಹಾಕಿ ಓಡಾಡಿಸದೇ ಇರುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ದಂಡ? ಮೊದಲ ಸಲಕ್ಕೆ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. ದಶಕಗಳಿಂದ ಅಷ್ಟೇ. ಕೋಟಿ ಬೆಲೆಯ ವಿಲ್ಲಾದ ಒಡೆಯನಿಗೆ ಐವತ್ತು ರೂಪಾಯಿ ದಂಡ ಹಾಕುವ ಕಾನೂನು ಆತನನ್ನು ಏನು ತಡೆದೀತು?

ಆ ಗೇಟಿನ ಮುಂದೆ ದಿನವೂ ನಿಲ್ಲುವವರು ಯಾರೆಂದು ಯೋಚಿಸಿ. ಪಂಚಾಯಿತಿಯ ಸ್ವಚ್ಛವಾಹಿನಿ ಓಡಿಸುವ, ಕಸ ಎತ್ತುವ ಸ್ವಸಹಾಯ ಸಂಘದ ಹೆಂಗಸರು. ನೀರು ಬಿಡಲು ನಸುಕಿನಲ್ಲೇ ಹೊರಡುವ ನೀರುಗಂಟಿ. ಬಾಣಂತಿಯನ್ನು ನೋಡಲು ಬರುವ ಆಶಾ ಕಾರ್ಯಕರ್ತೆ. ಬೆಸ್ಕಾಂ ಮೀಟರ್ ಓದುವವರು, ಪೋಸ್ಟ್‌ಮ್ಯಾನ್, ಬೈಕಿನಲ್ಲಿ ಊಟ ತಂದುಕೊಡುವ ಹುಡುಗರು. ಬೆಳಿಗ್ಗೆ ಐದೂವರೆಗೆ ಕ್ಯಾನು ಹಿಡಿದು ಡೇರಿಗೆ ನಡೆಯುವ ಹೆಣ್ಣುಮಗಳು ಲೇಔಟಿನ ಗೋಡೆಯ ಪಕ್ಕವೇ ಹೋಗಬೇಕು; ಹಳೆಯ ಬಂಡಿದಾರಿ ಈಗ ಆ ಗೋಡೆಯ ಒಳಗಿದೆ. ರಾತ್ರಿ ಬಿಟ್ಟ ನಾಯಿ ಬೇಲಿ ಹಾರಿ ಮಂದೆಗೆ ನುಗ್ಗಿತೆಂದರೆ ಕುರಿ ಮೇಯಿಸುವವನು ಒಂದು ವರ್ಷದ ಸಂಪಾದನೆ ಕಳೆದುಕೊಳ್ಳುತ್ತಾನೆ. 2023ರ ಜನವರಿಯಲ್ಲಿ ಹೈದರಾಬಾದಿನ ಬಂಜಾರ ಹಿಲ್ಸ್‌ನಲ್ಲಿ ಊಟ ತಲುಪಿಸಲು ಹೋದ 23 ವರ್ಷದ ಯುವಕ ಮನೆಯವರ ಜರ್ಮನ್ ಶೆಫರ್ಡ್ ಅಟ್ಟಿಸಿಕೊಂಡು ಬಂದಾಗ ಮೂರನೇ ಮಹಡಿಯಿಂದ ಕೆಳಗೆ ಹಾರಿ ತೀರಿಕೊಂಡ. ಆ ನಾಯಿಗೆ ವಿಳಾಸವಿತ್ತು, ಯಜಮಾನರಿದ್ದರು. ಅದು ಬೀದಿನಾಯಿಯ ಲೆಕ್ಕಕ್ಕೆ ಎಂದೂ ಬರುವುದಿಲ್ಲ.

ಯಜಮಾನರ ಬಾಯಲ್ಲಿ ಬರುವ ಮಾತು ಒಂದೇ: ‘ಏನೂ ಮಾಡಲ್ಲ, ಬನ್ನಿ.’ ಅದೇ ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ. ಈ ಫಲಕ ತೂಗುಹಾಕಿದರೆ ಜವಾಬ್ದಾರಿ ಮುಗಿಯಿತು, ಆಮೇಲೆ ಕಚ್ಚಿಸಿಕೊಂಡವರದೇ ತಪ್ಪು ಎಂದು ನಮ್ಮಲ್ಲಿ ಬಹಳ ಜನ ನಿಜವಾಗಿಯೂ ನಂಬಿದ್ದಾರೆ. ಪೊಲೀಸ್ ಠಾಣೆಯ ಮಟ್ಟದಲ್ಲೂ ‘ಬೋರ್ಡ್ ನೋಡ್ಲಿಲ್ವೇನ್ರೀ’ ಎಂಬ ಮಾತಿನಲ್ಲೇ ಎಷ್ಟೋ ದೂರುಗಳು ಕರಗುತ್ತವೆ. ಕಾನೂನು ಹೇಳುವುದು ಇದಕ್ಕೆ ತಿರುಗಾಮುರುಗಾ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಕಾರಣವಾಗಬಹುದಾದ ಅಪಾಯವನ್ನು ತಡೆಯಲು ಸಾಕಷ್ಟು ಕ್ರಮವನ್ನು ತಿಳಿದೂ ಅಥವಾ ಅಜಾಗರೂಕತೆಯಿಂದ ಕೈಗೊಳ್ಳದವರಿಗೆ ಆರು ತಿಂಗಳವರೆಗೆ ಜೈಲು ಅಥವಾ 5 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ದಂಡಸಂಹಿತೆಯ 289ರಲ್ಲಿ ದಂಡ ಸಾವಿರ ರೂಪಾಯಿ ಇತ್ತು. ‘ತಿಳಿದೂ’ ಎಂಬುದು ಇಲ್ಲಿ ಮುಖ್ಯ. ಫಲಕ ಹಾಕಿದವನು ತನ್ನ ನಾಯಿ ಅಪಾಯಕಾರಿ ಎಂದು ತಿಳಿದಿದ್ದ ಎಂಬುದಕ್ಕೆ ಆ ಫಲಕವೇ ಸಾಕ್ಷಿ. ಬಂದವರಿಗೆ ಎಚ್ಚರಿಕೆ ಕೊಟ್ಟ ಮಾತ್ರಕ್ಕೆ ಗೇಟಿನ ಚಿಲಕ ಭದ್ರವಾಗಿಡುವ, ಒಳಗೆ ಎರಡನೇ ಗೇಟು ಮಾಡಿಸುವ, ಹಗಲಲ್ಲಿ ಜನ ಬರುವ ಹೊತ್ತಿಗೆ ನಾಯಿಯನ್ನು ಬೇರೆ ಆವರಣದಲ್ಲಿಡುವ ಹೊಣೆ ತಪ್ಪುವುದಿಲ್ಲ.

ಇಲ್ಲಿ ಇನ್ನೊಂದು ವಾದ ನುಗ್ಗುತ್ತದೆ. ಹಾಗಾದರೆ ಆ ವಿದೇಶಿ ಜಾತಿಗಳನ್ನೇ ನಿಷೇಧಿಸಿಬಿಡಿ ಎಂದು. ಬೀದಿನಾಯಿಯ ಮೇಲೆ ಎಲ್ಲ ಭಾರ ಹೊರಿಸುವವರೂ ಇವರೂ ಒಂದೇ ದಾರಿಯವರು. ಇಬ್ಬರೂ ನಾಯಿಯನ್ನೇ ನೋಡುತ್ತಾರೆ, ಅದನ್ನು ಹಿಡಿದ ಕೈಯನ್ನು ನೋಡುವುದಿಲ್ಲ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ 23 ಬಗೆಯ ನಾಯಿಗಳ ಆಮದು, ಸಂತಾನಾಭಿವೃದ್ಧಿ, ಮಾರಾಟವನ್ನು ನಿಲ್ಲಿಸಬೇಕೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಈಗಾಗಲೇ ಮನೆಯಲ್ಲಿರುವವಕ್ಕೆ ಸಂತಾನಹರಣ ಕಡ್ಡಾಯ ಎಂದೂ ಅದು ಹೇಳಿತ್ತು. ಆ ಪಟ್ಟಿಯನ್ನು ಓದಿದವರಿಗೆ ಅದರ ಅವಸರ ಕಾಣುತ್ತದೆ. ಜಪಾನಿನ ತೋಸಾ ನಾಯಿ ಅದರಲ್ಲಿ ಎರಡು ಹೆಸರಿನಿಂದ ಎರಡು ಸಲ ಬರುತ್ತದೆ. ಮ್ಯಾಸ್ಟಿಫ್, ಟೆರಿಯರ್ ಎಂದು ಇಡೀ ಗುಂಪುಗಳನ್ನೇ ಸೇರಿಸಿದ್ದಾರೆ. ಟೆರಿಯರ್‌ಗಳಲ್ಲಿ ಮಡಿಲಲ್ಲಿ ಕೂರುವ ಪುಟ್ಟ ನಾಯಿಗಳೂ ಇವೆ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅದೇ ವರ್ಷದ ಏಪ್ರಿಲ್ 10ರಂದು ಈ ಸುತ್ತೋಲೆಯನ್ನು ರದ್ದುಮಾಡಿದರು. ಸಂಬಂಧಪಟ್ಟವರನ್ನು ಕೇಳದೆ, ಕಾಯ್ದೆ-ನಿಯಮಗಳ ಆಧಾರವಿಲ್ಲದೆ ಹೊರಡಿಸಿದ್ದು ಸಲ್ಲದು ಎಂಬುದು ತೀರ್ಪಿನ ಸಾರ. ಸರಿಯಾದ ಕ್ರಮದಲ್ಲಿ ಹೊಸ ನಿಯಮ ತರಲು ಸರ್ಕಾರಕ್ಕೆ ದಾರಿ ತೆರೆದೇ ಇತ್ತು.

ತೀರ್ಪನ್ನು ನಾನು ಒಪ್ಪುತ್ತೇನೆ. ಕಾನೂನಿನ ಕಾರಣಕ್ಕಷ್ಟೇ ಅಲ್ಲ. ಜಾತಿಯ ಪಟ್ಟಿ ಎಷ್ಟೋ ಕಡೆ ಕೆಲಸ ಮಾಡಿಲ್ಲ. ಬ್ರಿಟನ್ 1991ರಲ್ಲಿ ಪಿಟ್‌ಬುಲ್, ತೋಸಾ, ಡೋಗೊ ಅರ್ಜೆಂಟೀನೊ, ಫಿಲಾ ಬ್ರೆಸಿಲೈರೊ ಎಂಬ ನಾಲ್ಕನ್ನು ನಿಷೇಧಿಸಿತು. ಆಮೇಲೆ ನಾಯಿ ಕಚ್ಚಿ ಆಸ್ಪತ್ರೆ ಸೇರುವವರ ಸಂಖ್ಯೆ ಅಲ್ಲಿ ಇಳಿಯಲಿಲ್ಲ, ಏರಿತು. ಸಾಕುವವರು ಪಟ್ಟಿಯಲ್ಲಿ ಇಲ್ಲದ ಹೊಸ ದೈತ್ಯವನ್ನು, ಎಕ್ಸ್‌ಎಲ್ ಬುಲ್ಲಿಯನ್ನು, ತಂದು ಸಾಕತೊಡಗಿದರು. ಅದನ್ನು ಪಟ್ಟಿಗೆ ಸೇರಿಸಲು ಸರ್ಕಾರಕ್ಕೆ 2023ರ ಕೊನೆಯವರೆಗೆ ಬೇಕಾಯಿತು. ನೆದರ್ಲೆಂಡ್ಸ್ ಹದಿನೈದು ವರ್ಷ ಪಿಟ್‌ಬುಲ್ ನಿಷೇಧ ಇಟ್ಟು, ಕಡಿತ ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಕೈಬಿಟ್ಟಿತು. ಕೆನಡಾದ ಕ್ಯಾಲ್ಗರಿ ನಗರ ಬೇರೆ ದಾರಿ ಹಿಡಿಯಿತು. ಅಲ್ಲಿ ಜಾತಿ ನಿಷೇಧವಿಲ್ಲ. ಪ್ರತಿ ನಾಯಿಗೂ ಪರವಾನಗಿ, ಪ್ರತಿ ತಪ್ಪಿಗೂ ಯಜಮಾನನಿಗೆ ದಂಡ.

ಜಾತಿ ನಿಷೇಧ ಮಾಡುವ ಇನ್ನೊಂದು ಹಾನಿ ನಮ್ಮ ಕಣ್ಣೆದುರೇ ಇದೆ. ಕಾನೂನಿಗೆ ಹೆದರಿಯೋ, ಸಾಕಿ ಸಾಕಾಗಿಯೋ ಜನ ಇಂಥ ನಾಯಿಗಳನ್ನು ರಾತ್ರಿ ತಂದು ಬಿಟ್ಟುಹೋಗುತ್ತಾರೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ದಾವಣಗೆರೆ ತಾಲ್ಲೂಕಿನ ಹೊನ್ನೂರು ಗೊಲ್ಲರಹಟ್ಟಿಯ ಬಳಿ ರಾತ್ರಿ ನಡೆದು ಹೋಗುತ್ತಿದ್ದ ಮಹಿಳೆಯೊಬ್ಬರ ಮೇಲೆ ಎರಡು ರಾಟ್‌ವೀಲರ್ ನಾಯಿಗಳು ಎರಗಿದವು. ಅವರು ಉಳಿಯಲಿಲ್ಲ. ಸಾಕಿದವರೇ ಆ ನಾಯಿಗಳನ್ನು ತಂದು ಅಲ್ಲಿ ಬಿಟ್ಟಿದ್ದರು ಎಂಬುದು ಪೊಲೀಸರ ಆರೋಪ, ಬಂಧನವೂ ಆಯಿತು. ನಮ್ಮ ಜಿಲ್ಲೆ ಮಹಾನಗರದ ಮೂರು ದಿಕ್ಕಿಗೂ ಅಂಚು. ನಗರಕ್ಕೆ ಬೇಡವಾದದ್ದೆಲ್ಲ, ಕಟ್ಟಡದ ಮಣ್ಣಿನಿಂದ ಹಿಡಿದು ನಾಯಿಯವರೆಗೆ, ಇಲ್ಲಿಗೆ ಬರುತ್ತದೆ ಎಂಬ ದೂರು ಹೊಸಕೋಟೆಯಲ್ಲೂ ನೆಲಮಂಗಲದಲ್ಲೂ ಹಳೆಯದು. ದಾವಣಗೆರೆಯ ಆ ರಾಟ್‌ವೀಲರ್‌ಗಳ ಕತ್ತಿನ ಚರ್ಮದಡಿ ಒಂದು ಮೈಕ್ರೋಚಿಪ್, ಯಾವುದಾದರೂ ಪಾಲಿಕೆಯ ಪುಸ್ತಕದಲ್ಲಿ ಒಂದು ಹೆಸರು ಇದ್ದಿದ್ದರೆ, ಹೀಗೆ ಬಿಟ್ಟುಹೋಗುವ ಧೈರ್ಯ ಯಾರಿಗೆ ಬರುತ್ತಿತ್ತು? 2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳು ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಮೈಕ್ರೋಚಿಪ್ ಹಾಕಿಸಬೇಕು, ಎಂಟು ವಾರ ತುಂಬದ ಮರಿ ಮಾರಬಾರದು ಎನ್ನುತ್ತವೆ. ಹೆದ್ದಾರಿಯ ಪಕ್ಕ ಬುಟ್ಟಿಯಲ್ಲಿಟ್ಟು, ಮೊಬೈಲಿನಲ್ಲಿ ಫೋಟೊ ಹಾಕಿ ಮರಿ ಮಾರುವವರನ್ನು ಈ ನಿಯಮ ಹಿಡಿದು ಯಾರು ಕೇಳಿದ್ದಾರೆ?

ಹಳ್ಳಿಯಲ್ಲಿ ನಾಯಿಗೆ ಲೈಸೆನ್ಸು ಎಂದರೆ ಜನ ನಗುತ್ತಾರೆ, ಇದೆಲ್ಲ ಪೇಟೆಯ ಕಟ್ಟಳೆ ಎನ್ನುತ್ತಾರೆ. ಪಂಚಾಯಿತಿಯವರೂ ಅದೇ ನಗುವಿನ ಹಿಂದೆ ಅಡಗುತ್ತಾರೆ. ಇದಕ್ಕೆ ನನ್ನ ಉತ್ತರ ಹಳ್ಳಿಯೊಳಗಿಂದಲೇ ಬರುತ್ತದೆ. ದನದ ದೊಡ್ಡಿ ಎಂಬುದನ್ನು ಹಿರಿಯರೆಲ್ಲ ಬಲ್ಲರು. ನನ್ನ ಎಮ್ಮೆ ನಿಮ್ಮ ರಾಗಿ ಹೊಲಕ್ಕೆ ನುಗ್ಗಿದರೆ ನೀವು ಅದನ್ನು ದೊಡ್ಡಿಗೆ ಹೊಡೆಯುತ್ತಿದ್ದಿರಿ. ದಂಡ, ಮೇವಿನ ಖರ್ಚು ಕಟ್ಟಿ ನಾನು ಬಿಡಿಸಿಕೊಂಡು ಬರಬೇಕಿತ್ತು. 1871ರ ಜಾನುವಾರು ಅತಿಕ್ರಮಣ ಕಾಯ್ದೆ ಇದನ್ನು ಬರೆದಿಟ್ಟಿತು, ಊರು ಅದನ್ನು ಒಪ್ಪಿ ನಡೆಸಿತು. ಎಮ್ಮೆಯದು ಯಾವ ತಳಿ ಎಂದು ಆಗ ಯಾರೂ ಕೇಳಲಿಲ್ಲ. ಎಮ್ಮೆಗೆ ಬುದ್ಧಿಯಿಲ್ಲ, ಅದರ ಒಡೆಯನಿಗಿರಬೇಕು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಬೆಳೆಯ ಸಾಲಿನ ನಡುವೆ ಕುಂಟೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಹಾಕುವುದು ಇಂದಿಗೂ ಇದೆ. ಬೆಳೆಗೆ ಇಷ್ಟು ರಕ್ಷಣೆ ಕೊಟ್ಟ ಊರು ಮಗುವಿನ ಮುಖಕ್ಕೆ ಅಷ್ಟು ರಕ್ಷಣೆ ಕೊಡಲಾರದು ಎಂದರೆ ನಾನು ಒಪ್ಪುವುದಿಲ್ಲ.

ನಾಯಿಯ ದಾಖಲೆ ಇಡುವುದೂ ಈ ನಾಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಇಮ್ಮಡಿ ಬೂತುಗನಿಂದ ವೀರ ಮಣಲೇರ ಮೆಚ್ಚಿ ಕೇಳಿ ಪಡೆದ ನಾಯಿಯ ಹೆಸರು ಕಾಳಿ. ಅದು ಕಾಡುಹಂದಿಯೊಡನೆ ಕಾದಾಡಿ ಎರಡೂ ಸತ್ತವು. ಅದಕ್ಕೆಂದು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ನಾಯಿಯ ಹೆಸರು, ಯಾರು ಕೊಟ್ಟರು, ಯಾರು ಸಾಕಿದರು, ಹೇಗೆ ಸತ್ತಿತು ಎಲ್ಲವೂ ಅಲ್ಲಿ ಇದೆ. ಇಂದು ನಮ್ಮ ಪಂಚಾಯಿತಿಗೆ ಯಾವ ನಿವೇಶನ ಯಾರ ಹೆಸರಿನಲ್ಲಿದೆ, ಉದ್ದ ಅಗಲ ಎಷ್ಟು, ಕಂದಾಯ ಎಷ್ಟು ಬಾಕಿ ಎಂಬುದು ನಮೂನೆ 9, ನಮೂನೆ 11ರಲ್ಲಿ ಗೊತ್ತಿದೆ. ಆ ನಿವೇಶನದ ಗೇಟಿನ ಹಿಂದೆ ಏನು ನಿಂತಿದೆ ಎಂಬುದು ಗೊತ್ತಿಲ್ಲ.

ನನ್ನ ವಾದಕ್ಕೆ ನಾನು ನಿಜವಾಗಿ ಗೌರವದಿಂದ ಕಿವಿಗೊಡುವ ಆಕ್ಷೇಪ ಒಂದಿದೆ. ನೋಂದಣಿ ಎಂದರೆ ಮತ್ತೊಂದು ಕಾಗದ, ಮತ್ತೊಂದು ಲಂಚ. ತೋಟದ ಗುಡಿಸಲಿನಲ್ಲಿ ಒಂದು ಕಂತ್ರಿ ನಾಯಿ ಸಾಕಿಕೊಂಡ ರೈತನನ್ನು ಕರವಸೂಲಿಗಾರ ಹಿಂಡುತ್ತಾನೆ, ವಿಲ್ಲಾದವನನ್ನು ಮುಟ್ಟುವುದಿಲ್ಲ. ಈ ಭಯ ಸುಳ್ಳಲ್ಲ. ಕಾಗದದ ಹೆಸರಿನಲ್ಲಿ ಬಡವರು ಎಷ್ಟು ಅಲೆದಿದ್ದಾರೆ ಎಂಬುದನ್ನು ತಾಲ್ಲೂಕು ಕಚೇರಿಯ ಹೊರಗಿನ ಮರಗಳೇ ಬಲ್ಲವು. ಅದಕ್ಕೇ ಉಪವಿಧಿ ಬರೆಯುವಾಗಲೇ ಆ ವ್ಯತ್ಯಾಸ ಇರಬೇಕು. ಲಸಿಕೆ, ಸಂತಾನಹರಣ ಆದ ನಾಟಿ ನಾಯಿಗೆ ನೋಂದಣಿ ಪೂರ್ತಿ ಉಚಿತ. ಅದೂ ಪಶು ಆಸ್ಪತ್ರೆಯಲ್ಲೇ, ಲಸಿಕೆ ಹಾಕುವ ದಿನವೇ, ಲಸಿಕೆ ಕಾರ್ಡೇ ನೋಂದಣಿ ಪತ್ರ. ಪ್ರತಿ ವರ್ಷ ಸೆಪ್ಟೆಂಬರ್ 28ರ ರೇಬಿಸ್ ದಿನದ ಸುತ್ತ ಹೇಗೂ ಲಸಿಕಾ ಶಿಬಿರ ನಡೆಯುತ್ತದೆ. ಸಂತಾನಹರಣ ಮಾಡಿಸದ ನಾಯಿಗೆ, ಒಂದೇ ಕಡೆ ಹಲವು ಕಾವಲು ನಾಯಿ ಇಟ್ಟ ಗೋದಾಮಿಗೆ, ಮರಿ ಮಾರುವವರಿಗೆ ಶುಲ್ಕ. ವಾರಕ್ಕೊಮ್ಮೆ ಬಂದು ಹೋಗುವ ಯಜಮಾನನ ಫಾರ್ಮ್‌ಹೌಸ್ ನಾಯಿಗೆ ಹೆಚ್ಚಿನ ಶುಲ್ಕ, ಜೊತೆಗೆ ಅದನ್ನು ನೋಡಿಕೊಳ್ಳುವವರ ಹೆಸರೂ ಕಡ್ಡಾಯ. ದಂಡದ ನೋಟಿಸು ಹೋಗಬೇಕಾದದ್ದು ಖಾತೆ ಯಾರ ಹೆಸರಿನಲ್ಲಿದೆಯೋ ಅವರಿಗೆ. ಹನ್ನೆರಡು ಸಾವಿರ ಸಂಬಳದ ಕಾವಲುಗಾರನಿಗೆ ಅಲ್ಲ. ಕಟ್ಟದಿದ್ದರೆ ಮನೆಕಂದಾಯದ ಬಾಕಿಯಂತೆ ವಸೂಲಿ. ಖಾತೆ ಬದಲಾವಣೆಗೆ ಬಂದಾಗ ಬಾಕಿ ತೀರಿಸದೆ ಯಾರೂ ಹೊರಡಲಾರರು.

ನಾಯಿಪ್ರಿಯರ ಸಿಟ್ಟನ್ನೂ ನಾನು ಬಲ್ಲೆ. 2018ರಲ್ಲಿ ಬಿಬಿಎಂಪಿ ಫ್ಲಾಟಿಗೆ ಒಂದೇ ನಾಯಿ, ಸ್ವತಂತ್ರ ಮನೆಗೆ ಮೂರು ಎಂದು ಉಪವಿಧಿ ತಂದು, ವಿರೋಧ ಎದ್ದಾಗ ತಡೆಹಿಡಿಯಿತು. ಅಂದು ವಿರೋಧಿಸಿದವರಲ್ಲಿ ನಾನು ಒಪ್ಪುವ ಮಾತೂ ಇತ್ತು. ಎಣಿಕೆಯ ಮಿತಿಯಿಂದ ಕಡಿತ ನಿಲ್ಲುವುದಿಲ್ಲ, ನಾಲ್ಕನೆಯ ನಾಯಿ ಬೀದಿಗೆ ಬೀಳುತ್ತದೆ ಅಷ್ಟೆ. ಆದರೆ ಆ ಗಲಾಟೆಯಲ್ಲಿ ನೋಂದಣಿಯೂ, ಹೊಣೆಯೂ, ಎಲ್ಲವೂ ಒಟ್ಟಿಗೆ ಕೊಚ್ಚಿಹೋಯಿತು. ನಾಯಿಯನ್ನು ಪ್ರೀತಿಸುವವರು ಅದರ ಹೊಣೆಯ ವಿರುದ್ಧ ಚಳವಳಿ ಮಾಡಬಾರದಿತ್ತು. ಆಮೇಲೆ 2025ರ ಜುಲೈನಲ್ಲಿ ಅದೇ ಪಾಲಿಕೆ ದಿನಕ್ಕೆ ಐದು ಸಾವಿರ ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕಲು ವರ್ಷಕ್ಕೆ 2.88 ಕೋಟಿ ರೂಪಾಯಿಯ ಯೋಜನೆ ತಂದಿತು. ಪರ-ವಿರೋಧಿಗಳು ವಾರಗಟ್ಟಲೆ ಕಿತ್ತಾಡಿದರು. ಅನ್ನ ಹಾಕಬೇಕೋ ಬೇಡವೋ ಎಂಬ ಆ ಜಗಳದಲ್ಲಿ ಸಾಕಿದ ನಾಯಿಯ ಯಜಮಾನ ಯಾರ ನೆನಪಿಗೂ ಬರಲಿಲ್ಲ.

ಸುಪ್ರೀಂ ಕೋರ್ಟಿನ ಆದೇಶಗಳ ಸುದ್ದಿಯೂ ಈ ಮರೆವಿಗೆ ಗೊಬ್ಬರ ಹಾಕಿತು. 2025ರ ಆಗಸ್ಟ್ 11ರಂದು ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಆಶ್ರಯ ಕೇಂದ್ರಕ್ಕೆ ಸೇರಿಸಿ ಎಂಬ ಆದೇಶ. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ರೇಬಿಸ್ ತಗುಲಿದ, ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಲಸಿಕೆ, ಸಂತಾನಹರಣ ಮಾಡಿ ಹಿಡಿದಲ್ಲೇ ಬಿಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆರವುಗೊಳಿಸಿ ಎಂದು ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಬಂತು. ಬೀದಿನಾಯಿಯಿಂದ ಸಾವಾದರೆ 5 ಲಕ್ಷ ರೂಪಾಯಿ, ಗಾಯವಾದರೆ 5 ಸಾವಿರ ಎಂದು ರಾಜ್ಯ ಸರ್ಕಾರವೂ ಪರಿಹಾರ ಪ್ರಕಟಿಸಿತು. ಒಳ್ಳೆಯದೇ. ಆದರೆ ಸಾಕಿದ ನಾಯಿ ಕಚ್ಚಿದರೆ? ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಅಂದರೆ ಕಚ್ಚಿಸಿಕೊಂಡವರೂ ಸೇರಿ ಎಲ್ಲರ ತೆರಿಗೆಯಿಂದ. ಕೂಲಿ ಹೋದದ್ದು, ಪ್ಲಾಸ್ಟಿಕ್ ಸರ್ಜರಿ, ಮಗುವಿಗೆ ತಿಂಗಳುಗಟ್ಟಲೆ ಬೀಳುವ ಕೆಟ್ಟ ಕನಸು, ಇದೆಲ್ಲ ಕಚ್ಚಿಸಿಕೊಂಡವರ ತಲೆಗೆ. ಯಜಮಾನ ಹೆಚ್ಚೆಂದರೆ ಒಂದು ಸೇಬಿನ ಚೀಲ ಹಿಡಿದು ನೋಡಿಕೊಂಡು ಹೋಗುತ್ತಾನೆ. ಸಿವಿಲ್ ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದು ಎನ್ನುವವರು ದೊಡ್ಡಬಳ್ಳಾಪುರದ ಮಗ್ಗದ ಕೂಲಿಕಾರನೊಬ್ಬನ ವಾರದ ದುಡಿಮೆಯ ಲೆಕ್ಕ ಹಾಕಿ ನೋಡಲಿ.

ಅಧಿಕಾರವಿಲ್ಲ ಎಂಬ ಉತ್ತರವನ್ನಂತೂ ನಾನು ಕೇಳುವುದಿಲ್ಲ. ಪಂಚಾಯಿತಿಗೂ ನಗರಸಭೆಗೂ ಸಾರ್ವಜನಿಕ ಆರೋಗ್ಯ ಮತ್ತು ಸುರಕ್ಷತೆಗಾಗಿ ಉಪವಿಧಿ ಮಾಡಿಕೊಳ್ಳುವ ಅಧಿಕಾರ ಅವುಗಳ ಕಾಯ್ದೆಯಲ್ಲೇ ಇದೆ. ಇಲ್ಲದಿರುವುದು ಕೂತು ಬರೆಯುವ ಮನಸ್ಸು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದೆ ಬಿಟ್ಟಿದ್ದಾರೆ. ಇಂಥ ವಿಷಯವನ್ನು ಹಿಡಿದು ಕೇಳುವ ಸದಸ್ಯರೇ ಅಲ್ಲಿಲ್ಲ. ಹಾಗಿದ್ದ ಮೇಲೆ ಮುಖ್ಯ ಕಾರ್ಯನಿರ್ವಹಣಾಧಿಕಾರಿಯೇ ಒಂದು ಮಾದರಿ ಉಪವಿಧಿಯನ್ನು ಕನ್ನಡದಲ್ಲಿ, ಎರಡು ಪುಟಕ್ಕೆ ಮೀರದಂತೆ ಬರೆಸಿ ಎಲ್ಲ ಪಂಚಾಯಿತಿಗಳಿಗೆ ಕಳಿಸಬೇಕು. ಅದರಲ್ಲಿ ನಾಯಿಯ ಜಾತಿಯ ಹೆಸರೇ ಬೇಕಿಲ್ಲ. ಒಂದು ಸಲ ಕಾರಣವಿಲ್ಲದೆ ಮನುಷ್ಯರನ್ನು ಕಚ್ಚಿದ, ಅಥವಾ ಬೇರೆಯವರ ಕುರಿ, ಕರುವನ್ನು ಕೊಂದ ನಾಯಿ, ಅದು ಮುಧೋಳವಾಗಲಿ, ಮ್ಯಾಸ್ಟಿಫ್ ಆಗಲಿ, ಊರ ನಾಯಿಯಾಗಲಿ, ಅಪಾಯಕಾರಿ ಎಂದು ಪಶುವೈದ್ಯರ ಪರೀಕ್ಷೆಯ ನಂತರ ದಾಖಲಾಗಬೇಕು. ಅಲ್ಲಿಂದ ಮುಂದೆ ಹೊರಗೆ ಬಂದರೆ ಬಾಯಿಗೆ ಕುಕ್ಕೆ, ಕೊರಳಿಗೆ ಹಗ್ಗ, ಹಿಡಿಯಬಲ್ಲ ದೊಡ್ಡವರ ಕೈ, ಮನೆಯಲ್ಲಿ ಎರಡು ಬಾಗಿಲ ಆವರಣ, ಸಂತಾನಹರಣ, ಮೈಕ್ರೋಚಿಪ್. ಚಿಕಿತ್ಸೆಯ ಖರ್ಚು, ಕಳೆದ ಕೂಲಿ, ಸತ್ತ ಕುರಿಯ ಬೆಲೆ ಯಜಮಾನನಿಂದ. ಎರಡನೇ ಸಲ ಅದೇ ಆದರೆ ನಾಯಿ ಸಾಕುವ ಹಕ್ಕನ್ನೇ ಆತನಿಂದ ಕೆಲವು ವರ್ಷ ಕಿತ್ತುಕೊಳ್ಳಬೇಕು. ಸಾಕಲಾರದವರು ದಂಡವಿಲ್ಲದೆ ತಂದೊಪ್ಪಿಸಲು ತಾಲ್ಲೂಕಿಗೊಂದು ಜಾಗವೂ ಇರಬೇಕು. ಅದಿಲ್ಲದಿದ್ದರೆ ರಾತ್ರಿಯ ಗೋಣಿಚೀಲ ನಿಲ್ಲುವುದಿಲ್ಲ.

ಇದೆಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ನಿಯಮ, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಕಚ್ಚಿದ ನಾಯಿ ಹತ್ತು ದಿನದ ನಂತರವೂ ಆರೋಗ್ಯವಾಗಿ ಬದುಕಿದ್ದರೆ ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಚುಚ್ಚುಮದ್ದನ್ನು ಅಂದೇ ಶುರುಮಾಡಬೇಕು, ಆ ಹತ್ತು ದಿನ ಕಾಯುವಂತಿಲ್ಲ. ಆದರೆ ನಾಯಿ ಏನಾಯಿತು ಎಂಬ ಸುದ್ದಿ ವೈದ್ಯರಿಗೂ ಮನೆಯವರಿಗೂ ಬಹಳ ದೊಡ್ಡ ಆಸರೆ. ಈಗ ಆಗುತ್ತಿರುವುದೇನು? ಕಚ್ಚಿದ ಸುದ್ದಿ ಹಬ್ಬಿದ ಕೂಡಲೇ ಯಜಮಾನ ನಾಯಿಯನ್ನು ಬೇರೆ ತೋಟಕ್ಕೆ ಸಾಗಿಸುತ್ತಾನೆ, ‘ಅದು ನಮ್ಮದಲ್ಲ, ಸುಮ್ನೆ ಬಂದು ಅನ್ನ ತಿನ್ನುತ್ತಿತ್ತು’ ಎನ್ನುತ್ತಾನೆ, ಇಲ್ಲವೇ ಹೊಡೆದು ಹೂತುಬಿಡುತ್ತಾನೆ. ಮನುಷ್ಯರ ರೇಬಿಸ್ ಪ್ರಕರಣವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2022ರ ಡಿಸೆಂಬರಿನಲ್ಲೇ ಅಧಿಸೂಚನೆ ಹೊರಡಿಸಿತು. ಅದಕ್ಕೂ ಹಿಂದಿನ ಹೆಜ್ಜೆ, ಕಚ್ಚಿದ ನಾಯಿಯ ವರದಿ, ಎಲ್ಲೂ ಇಲ್ಲ. ತನ್ನ ನಾಯಿ ಕಚ್ಚಿದರೆ ಯಜಮಾನ ಅಂದೇ ಪಂಚಾಯಿತಿಗೆ ತಿಳಿಸಬೇಕು, ಹತ್ತು ದಿನ ನಾಯಿಯನ್ನು ಕಟ್ಟಿ ಪಶುವೈದ್ಯರಿಗೆ ತೋರಿಸಬೇಕು, ಬಚ್ಚಿಟ್ಟರೆ ಅದೇ ದೊಡ್ಡ ಅಪರಾಧ ಎಂದು ಬರೆದರೆ ಸಾಕು. ಇದನ್ನು ಬರೆಯಲು ಹೈಕೋರ್ಟಿನ ಅನುಮತಿ ಬೇಡ, ದೆಹಲಿಯ ಸುತ್ತೋಲೆ ಬೇಡ. ಮುಂದಿನ ಗ್ರಾಮಸಭೆಯಲ್ಲಿ ನಾಯಿ ಹಿಡಿಸಿ ಎಂದು ಯಾರಾದರೂ ಎದ್ದಾಗ, ಪಿಡಿಒ ಈ ಒಂದು ಸಾಲನ್ನು ಓದಿ, ಊರಿನಲ್ಲಿ ನಾಯಿ ಸಾಕಿದವರು ಕೈ ಎತ್ತಿ ಎಂದು ಕೇಳಲಿ.